ಕಪಾಟು ಕೆಡವುವ ಮುನ್ನ

ತಾಂಡೂರು ಬಳಿಯ ಕರಣಕೋಟದ ಕಡೆ ಅಡುಗೆಮನೆಯ ಕಪಾಟು ಕೆಡವಿಸುವ ಮುನ್ನ ಒಳಗೊಮ್ಮೆ ಕೈಯಾಡಿಸಿ ನೋಡಿ. ಹಲಗೆಯ ಜಾಗದಲ್ಲಿ ತಾಂಡೂರಿನ ಫರಸಿ ಇದ್ದರೆ ನೀವು ಅದೃಷ್ಟವಂತರು. ಸುಣ್ಣಕಲ್ಲು ಅದು; ಗೆದ್ದಲು ತಿನ್ನುವುದಿಲ್ಲ, ನೀರಿಗೆ ಉಬ್ಬುವುದಿಲ್ಲ. (ನಿಂಬೆ, ಹುಣಸೆ ರಸ ಬಿದ್ದರೆ ಮಾತ್ರ ಕಲೆ ಉಳಿಯುತ್ತದೆ.) ಅಂಥ ಕಡೆ ಬಾಗಿಲಷ್ಟೇ ಬದಲಿಸಿದರೆ ಸಾಕು. ಬಾಗಿಲು ತೇಗದ್ದಾಗಿದ್ದರೆ ಅದೂ ಬೇಡ. ಬಿಸಿನೀರು, ಸೋಪಿನಿಂದ ಒರೆಸಿ, ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಉಜ್ಜಿ ಪಾಲಿಶ್ ಕೊಡಿಸಿ; ಒಗ್ಗರಣೆಯ ಜಿಡ್ಡು ಉಳಿದರೆ ಪಾಲಿಶ್ ಹಿಡಿಯುವುದಿಲ್ಲ.

ಪಾರ್ಟಿಕಲ್ ಬೋರ್ಡಿನ ಕಥೆ ಬೇರೆ. ಸಿಂಕಿನ ಕೆಳಗೆ ಒಮ್ಮೆ ಉಬ್ಬಿತೆಂದರೆ ಸ್ಕ್ರೂ ನಿಲ್ಲುವುದಿಲ್ಲ, ಬಣ್ಣದ ದುಡ್ಡು ದಂಡ. ಕಿತ್ತುಹಾಕಿ. ಹೊಸದಕ್ಕೆ ನೀರು ತಡೆಯುವ, ಐಎಸ್ 710 ಗುರುತಿನ ಪ್ಲೈವುಡ್ಡನ್ನೇ ಕೇಳಿ. ಬಡಗಿಯನ್ನು ಕರೆಯುವ ಮೊದಲು ಸೋರುವ ನಲ್ಲಿ ರಿಪೇರಿ ಮಾಡಿಸಿಬಿಡಿ.