ಬಿತ್ತನೆಯ ಬೀಜವೂ ಅದರಲ್ಲಿ ಅಡಗಿರುವ ಗುಣಗಳೂ

ಒಳ್ಳೆಯ ತೆನೆಗಳನ್ನು ಆರಿಸಿ, ಅವುಗಳ ಕಾಳನ್ನು ಮುಂದಿನ ಬಿತ್ತನೆಗೆ ಇಡುವುದು ರೈತರ ಹಳೆಯ ವಾಡಿಕೆ. ರಾಗಿಯಲ್ಲಿ ಈ ವಾಡಿಕೆಯು ಫಲ ಕೊಡುತ್ತದೆ. ಆದರೆ ಹೈಬ್ರಿಡ್ ಎಂಬ ಮಿಶ್ರತಳಿಯ ಮುಸುಕಿನ ಜೋಳದಲ್ಲಿ ಹೀಗೆ ಮಾಡಿದರೆ, ಮರುವರ್ಷ ಪೈರು ಏರುಪೇರಾಗಿ ಬೆಳೆದು ಫಸಲು ಇಳಿಯುತ್ತದೆ. ನೆಲ, ಗೊಬ್ಬರ, ಮಳೆ ಎಲ್ಲವೂ ಸರಿಯಾಗಿದ್ದಾಗ್ಗೂ ಹೀಗಾಗುವುದಕ್ಕೆ ಕಾರಣವು ಬೀಜದೊಳಗೇ ಇರುತ್ತದೆ.

ಬಟಾಣಿಯ ಪರೀಕ್ಷೆ.— ಈ ಕಾರಣವನ್ನು ತಿಳಿಯಪಡಿಸಿದವರು ಆಸ್ಟ್ರಿಯಾ ಸಾಮ್ರಾಜ್ಯದ ಬ್ರುನ್ ಪಟ್ಟಣದ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿಗಳು. ಅವರು 1856 ರಲ್ಲಿ ಬಟಾಣಿ ಗಿಡಗಳ ಮೇಲೆ ಪರೀಕ್ಷೆಗಳನ್ನು ಆರಂಭಿಸಿ, ಫಲಿತಾಂಶಗಳನ್ನು 1866 ರಲ್ಲಿ ಪ್ರಕಟಿಸಿದರು. ಎತ್ತರದ ಜಾತಿಯನ್ನೂ ಕುಳ್ಳು ಜಾತಿಯನ್ನೂ ಕೂಡಿಸಲು, ಮೊದಲನೆಯ ತಲೆಮಾರಿನ ಗಿಡಗಳೆಲ್ಲವೂ ಎತ್ತರವಾಗಿ ಬೆಳೆದವು. ಅವುಗಳ ಬೀಜವನ್ನು ಬಿತ್ತಲು, 1,064 ಗಿಡಗಳಲ್ಲಿ 787 ಎತ್ತರವಾಗಿಯೂ 277 ಕುಳ್ಳಾಗಿಯೂ ಬಂದವು. ಎಂದರೆ ಸುಮಾರು ಮೂರಕ್ಕೆ ಒಂದು. ಕುಳ್ಳುತನವು ನಾಶವಾಗಿರಲಿಲ್ಲ, ಅಡಗಿತ್ತು.

ಇದರ ತತ್ತ್ವ.— ಇಂತಹ ಗುಣವೊಂದಕ್ಕೆ ಗಿಡದಲ್ಲಿ ಎರಡು ಅಂಶಗಳಿರುತ್ತವೆ: ತಾಯಿಯ ಕಡೆಯಿಂದ ಒಂದು, ತಂದೆಯ ಕಡೆಯಿಂದ ಒಂದು. ಇವೆರಡೂ ಬೇರೆಯಾಗಿದ್ದರೆ ಪ್ರಬಲವಾದುದು ಹೊರಗೆ ಕಾಣುತ್ತದೆ, ಮತ್ತೊಂದು ಅಡಗಿರುತ್ತದೆ. ಸಂತತಿಗೆ ಇವುಗಳಲ್ಲಿ ಯಾವುದಾದರೊಂದು ಮಾತ್ರ ಹೋಗುತ್ತದೆ. ಅಡಗಿದ ಅಂಶಗಳೆರಡು ಒಂದೇ ಬೀಜದಲ್ಲಿ ಸೇರಿದರೆ ಆ ಗುಣವು ಪುನಃ ಹೊರಬೀಳುತ್ತದೆ. ಮೆಂಡೆಲರು ಎರಡನೆಯ ತಲೆಮಾರಿನ ಎತ್ತರದ ನೂರು ಗಿಡಗಳ ಬೀಜವನ್ನು ಪ್ರತ್ಯೇಕವಾಗಿ ಬಿತ್ತಲು, 28 ರ ಸಂತತಿ ಮಾತ್ರ ಪೂರ್ತಿ ಎತ್ತರವಾಯಿತು. ಮಿಕ್ಕ 72 ರಲ್ಲಿ ಕುಳ್ಳು ಗಿಡಗಳೂ ಹುಟ್ಟಿದವು. ಕಣ್ಣಿಗೆ ನೂರೂ ಒಂದೇ ಆಗಿದ್ದವು.

ಜೋಳಕ್ಕೂ ರಾಗಿಗೂ ಇರುವ ಭೇದ.— ಇಳುವರಿಯು ಒಂದು ಅಂಶದಿಂದಲ್ಲ, ಅನೇಕ ಅಂಶಗಳಿಂದ ಆಗತಕ್ಕದ್ದು. ಮಿಶ್ರತಳಿಯ ಜೋಳದ ಹುಲುಸು ಮೊದಲನೆಯ ತಲೆಮಾರಿನದು. ಮುಂದೆ ಅಂಶಗಳು ಚದರಿ ಅದು ಕುಗ್ಗುತ್ತದೆ. ರಾಗಿಯ ಹೂವಾದರೋ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವುದರಿಂದ ಅದರ ಗುಣಗಳು ಸ್ಥಿರವಾಗಿರುತ್ತವೆ. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ಮತ್ತು ಇಂಡಿಯದ ರಾಗಿಗಳನ್ನು ಕೂಡಿಸಿ ಪಡೆದ ಇಂಡಾಫ್ ತಳಿಗಳೂ ಹಲವು ತಲೆಮಾರುಗಳ ಆಯ್ಕೆಯಿಂದ ಸ್ಥಿರಗೊಂಡವೇ.

ರೈತರು ಗಮನಿಸತಕ್ಕ ವಿಷಯಗಳು.—
1. ಮಿಶ್ರತಳಿಯ ಜೋಳಕ್ಕೆ ಪ್ರತಿವರ್ಷವೂ ಹೊಸ ಬೀಜವನ್ನೇ ತರಬೇಕು.
2. ರಾಗಿಯಲ್ಲಿ ಬೆರಕೆ ಗಿಡಗಳನ್ನು ಕೊಯ್ಲಿಗೆ ಮುಂಚೆಯೇ ಕಿತ್ತು, ಬಿತ್ತನೆಯ ತೆನೆಗಳನ್ನು ಹೊಲದಲ್ಲಿಯೇ ಆರಿಸಿ ಬೇರೆಯಾಗಿ ಬಡಿಯಬೇಕು.
3. ಗೊಬ್ಬರದಿಂದ ಕೊಬ್ಬಿದ ಒಂದು ಗಿಡವನ್ನು ನೋಡಿ ಮೋಸಹೋಗದೆ, ಅದರ ಕಾಳನ್ನು ಒಂದು ಸಾಲಿನಲ್ಲಿ ಬಿತ್ತಿ ಸಂತತಿಯನ್ನು ಪರೀಕ್ಷಿಸಬೇಕು.

ಕಾಳಿನ ದಪ್ಪವನ್ನು ಕಣ್ಣು ಕಾಣುತ್ತದೆ. ಅದರ ಕುಲವನ್ನು ಮುಂದಿನ ಪೈರೇ ಹೇಳಬೇಕು. ಗ್ರಾಮದ ಮುಖಂಡರು ಈ ಸಂಗತಿಯನ್ನು ಬಿತ್ತನೆಗೆ ಮುಂಚಿತವಾಗಿ ಎಲ್ಲರಿಗೂ ತಿಳಿಯಪಡಿಸಿದಲ್ಲಿ, ಒಂದು ವರ್ಷದ ದುಡಿಮೆಯು ವ್ಯರ್ಥವಾಗುವುದು ತಪ್ಪುತ್ತದೆ.