ಬೀದಿ ಬೆಕ್ಕಿಗೆ ಊಟ, ಮನೆ ಬೆಕ್ಕಿಗೆ ಕಾವಲು

ಬೀದಿ ಬೆಕ್ಕುಗಳಿಗೆ ಊಟ ಹಾಕಲು ಹೊರಡುವವರು ತಿನಿಸು ತರುವ ಮೊದಲು ಮನೆ ಬೆಕ್ಕಿನ ಲಸಿಕೆ ಪುಸ್ತಕ ತೆಗೆದು ನೋಡಬೇಕು. ‘ನಮ್ಮದು ಹೊಸ್ತಿಲೇ ದಾಟುವುದಿಲ್ಲ, ಅದಕ್ಕೇಕೆ ಚುಚ್ಚುಮದ್ದು?’ ಎನ್ನುವವರಿದ್ದಾರೆ. ಬೆಕ್ಕು ದಾಟದಿದ್ದರೇನು, ನೀವು ದಾಟುತ್ತೀರಲ್ಲ! ಮರಿಗಳ ಪಾಲಿಗೆ ಮಾರಕವಾದ ಪ್ಯಾನ್‌ಲ್ಯೂಕೋಪೀನಿಯಾ ರೋಗದ ವೈರಸ್ ಮಲದ ಮೂಲಕ ಹೊರಬಿದ್ದು, ಅನುಕೂಲವಾದ ಜಾಗದಲ್ಲಿ ವರ್ಷದವರೆಗೂ ಉಳಿಯಬಲ್ಲದು. ಅದು ಮನೆಯೊಳಗೆ ಬರಲು ಬೆಕ್ಕೇ ಬೇಕಿಲ್ಲ, ಚಪ್ಪಲಿಯ ಅಟ್ಟೆ ಸಾಕು. ಇದನ್ನೂ ಸೇರಿಸಿ ಮೂರು ರೋಗ ತಡೆಯುವ ಲಸಿಕೆಯನ್ನು ಮರಿಗೆ 6ರಿಂದ 8 ವಾರವಾದಾಗ ಶುರುಮಾಡಿ, 3–4 ವಾರಕ್ಕೊಮ್ಮೆ 16 ವಾರದವರೆಗೆ ಹಾಕಿಸುತ್ತಾರೆ. ರೇಬಿಸ್ ಲಸಿಕೆ ಬೇರೆ. ಇವು ಮುಗಿಯುವವರೆಗೆ ಬೀದಿಯ ಕೆಲಸಕ್ಕೆ ಕೈಹಾಕದಿರುವುದೇ ಒಳಿತು.

ಮುಂದಿನ ಕೆಲಸ ಸಾಮಾನು ಬೇರ್ಪಡಿಸುವುದು. ಬೀದಿಗೆಂದೇ ಒಂದು ಜೊತೆ ಚಪ್ಪಲಿ, ಒಂದು ಹಳೆಯ ಅಂಗಿ, ಬೇರೆ ತಟ್ಟೆಗಳು ಇರಲಿ, ಅವು ಅಡುಗೆಮನೆ ಸಿಂಕಿಗೆ ಬರುವುದು ಬೇಡ. ಜೇಬಿನ ಸ್ಯಾನಿಟೈಸರ್ ನಂಬಬೇಡಿ, ಆಲ್ಕೋಹಾಲಿಗೆ ಈ ವೈರಸ್ ಸುಲಭವಾಗಿ ಬಗ್ಗುವುದಿಲ್ಲ. ಕೈಯನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ತಟ್ಟೆಯನ್ನು ಮೊದಲು ಸೋಪಿನಿಂದ ಉಜ್ಜಿ, ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಬ್ಲೀಚ್ ದ್ರಾವಣ ಬೆರೆಸಿ ಹತ್ತು ನಿಮಿಷ ಮುಳುಗಿಸಿಟ್ಟು, ತೊಳೆದು ಒಣಗಿಸಿ. ನೆಲಕ್ಕೆ ಫಿನೈಲ್ ಸುರಿಯುವ ನಮ್ಮ ಮನೆಗಳ ಅಭ್ಯಾಸ ಮಾತ್ರ ಇಲ್ಲಿ ಅಪಾಯ: ಫಿನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ, ಪಂಜ ನೆಕ್ಕಿದರೆ ಅದು ಹೊಟ್ಟೆ ಸೇರುತ್ತದೆ.

ಊಟ ಹಾಕಿದಷ್ಟೂ ಬೆಕ್ಕು ಹೆಚ್ಚುತ್ತವೆ ಎಂಬ ಅಕ್ಕಪಕ್ಕದವರ ಆಕ್ಷೇಪ ಸುಳ್ಳಲ್ಲ. ಬೆಕ್ಕಿನ ಗರ್ಭಾವಧಿ ಸುಮಾರು ಒಂಬತ್ತು ವಾರ, ನಾಲ್ಕೈದು ತಿಂಗಳ ಮರಿಯೂ ಬೆದೆಗೆ ಬರಬಹುದು. ಆದರೆ ಊಟ ನಿಲ್ಲಿಸಿದರೆ ಅವು ಬೇರೆ ಬೀದಿಯ ಕಸದ ಬುಟ್ಟಿಗೆ ಹೋಗುತ್ತವೆ, ಹೆರುವುದು ನಿಲ್ಲುವುದಿಲ್ಲ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಹಾಕಿದರೆ ಬೆಕ್ಕುಗಳು ಅದೇ ಹೊತ್ತಿಗೆ ಬರುತ್ತವೆ. ಆಗ ಅವನ್ನು ಬೋನಿಗೆ ಹಿಡಿದು ಸಂತಾನಹರಣ ಮಾಡಿಸುವುದು ಸುಲಭ. ಕಿವಿತುದಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಎಂದರ್ಥ. ಹಾಗಾಗಿ ಸಂತಾನಹರಣದ ಏರ್ಪಾಡಿಲ್ಲದೆ ಬರೀ ಊಟ ಹಾಕುವುದನ್ನು ನಾನು ಸೇವೆ ಎನ್ನಲಾರೆ. ಅಪಾರ್ಟ್‌ಮೆಂಟಿನಲ್ಲಿ ಜಾಗ ಗೊತ್ತುಮಾಡಲು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೇ ನಿವಾಸಿಗಳ ಸಂಘಕ್ಕೆ ಹೊಣೆ ಹೊರಿಸಿವೆ. ಮೆಟ್ಟಿಲು, ಪ್ರವೇಶದ್ವಾರ, ಮಕ್ಕಳು ಆಡುವ ಜಾಗ ಬಿಟ್ಟು ಬೇರೆಡೆ ಹಾಕಿ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಿ, ಇಲ್ಲದಿದ್ದರೆ ಹೆಗ್ಗಣಗಳಿಗೂ ಊಟ ಹಾಕಿದಂತಾಗುತ್ತದೆ. ಹಾಲು ಬೇಡ, ಬಹುಪಾಲು ದೊಡ್ಡ ಬೆಕ್ಕುಗಳಿಗೆ ಅದು ಜೀರ್ಣವಾಗುವುದಿಲ್ಲ. ಈರುಳ್ಳಿ ಹಾಕಿದ ಸಾರಿನ ಅನ್ನವಂತೂ ಬೇಡವೇ ಬೇಡ.

ಮರಿಯೊಂದನ್ನು ಮನೆಗೆ ತರಲೇಬೇಕಾಗಿ ಬಂದರೆ ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿಟ್ಟು ಪಶುವೈದ್ಯರಿಗೆ ತೋರಿಸಿ. ಅದಕ್ಕೆ ರಿಂಗ್‌ವರ್ಮ್ ಎಂಬ ಚರ್ಮರೋಗ ಇದ್ದರೆ ಮನುಷ್ಯರಿಗೂ ಅಂಟುತ್ತದೆ. ಯಾವ ಬೆಕ್ಕೇ ಕಚ್ಚಲಿ, ಪರಚಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ವಿಚಾರಿಸಿ.