ಉಬ್ಬು ಬಂದರೆ ಇಳಿದು ನಡೆಯಿರಿ, ಮೇಷ್ಟ್ರೇ

ಪ್ರಶ್ನೆ: ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಗಣಿತ ಮೇಷ್ಟ್ರು. ವಯಸ್ಸು 54. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಭಾನುವಾರ ಬಂತೆಂದರೆ ಗೆಳತಿಯರ ಜೊತೆ ನಂದಿಬೆಟ್ಟಕ್ಕೆ ಸೈಕಲ್ ಹೊಡೆಯುತ್ತಾಳೆ. "ಅಪ್ಪಾ, ಈ ಸಲ ನಾವಿಬ್ಬರೇ ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಿ ಬರೋಣ" ಎಂದು ಹಟ ಹಿಡಿದಿದ್ದಾಳೆ. ನನಗೊಂದು ಗೇರ್ ಸೈಕಲ್ ಕೊಡಿಸಿ, ಪಟ್ಟಿಯನ್ನೂ ಕಳಿಸಿದ್ದಾಳೆ: ಎರಡೇ ದಿನ, ಜೋಗ, ಸಿಗಂದೂರು, ಕೊಡಚಾದ್ರಿ, ಕವಲೇದುರ್ಗ, ಕುಪ್ಪಳಿ, ಕೊನೆಗೆ ಆಗುಂಬೆ ಘಾಟಿ ಇಳಿದು ಉಡುಪಿ. ಹುಡುಗನಾಗಿದ್ದಾಗ ಹಳ್ಳಿಯಿಂದ ಶಾಲೆಗೆ ಸೈಕಲ್ಲಿನಲ್ಲೇ ಓಡಾಡಿದವನು ನಾನು. ಆದರೆ ಅದೆಲ್ಲ ಬಯಲು. ಈಗ ಬಿ.ಪಿ. ಮಾತ್ರೆ ಬೇರೆ ನಡೆಯುತ್ತಿದೆ. ಹೆಂಡತಿ "ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಅಂತಾಳೆ. ನನ್ನ ಚಿಂತೆ ಬೇರೆ. ನಾನು ಏದುಸಿರು ಬಿಡುತ್ತಾ ಸೈಕಲ್ ತಳ್ಳಿಕೊಂಡು ಹತ್ತುವುದು, ಮಗಳು ಮೇಲೆ ನಿಂತು ಕಾಯುವುದು ಕಣ್ಣಿಗೆ ಕಟ್ಟಿದ ಹಾಗಿದೆ. ಬೇಡ ಅನ್ನಲೂ ಬಾಯಿ ಬರುತ್ತಿಲ್ಲ. ಏನು ಮಾಡಲಿ?

— ಹೆಸರು ಬೇಡ, ದಾವಣಗೆರೆ

ಉತ್ತರ: ಹೋಗಿ ಬನ್ನಿ ಮೇಷ್ಟ್ರೇ. ಮಗಳ ಪಟ್ಟಿ ಹಿಡಿದುಕೊಂಡು ಮಾತ್ರ ಹೋಗಬೇಡಿ. ಅದು ಕಾರಿನಲ್ಲಿ ಹೋಗುವವರ ಪಟ್ಟಿ, ಅದೂ ಊಟ ತಿಂಡಿಗೆ ನಿಲ್ಲದ ಕಾರಿನವರದ್ದು.

ಮೊದಲು ನಿಮಗೆ ಕಣ್ಣಿಗೆ ಕಟ್ಟಿರುವ ಆ ದೃಶ್ಯವನ್ನೇ ಲೆಕ್ಕಕ್ಕೆ ಹಾಕೋಣ, ಹೇಗೂ ಗಣಿತದವರು. ಕಡಿದಾದ ಉಬ್ಬಿನಲ್ಲಿ ಅಭ್ಯಾಸ ಇರುವವರು ಸಾಮಾನು ಹೇರಿದ ಸೈಕಲ್ಲನ್ನು ತುಳಿದುಕೊಂಡು ಹತ್ತಿದರೂ ವೇಗ ಗಂಟೆಗೆ 6 ಕಿ.ಮೀ. ಆಸುಪಾಸಿಗೆ ಬಂದುಬಿಡುತ್ತದೆ. ಇಳಿದು ತಳ್ಳಿಕೊಂಡು ನಡೆದರೆ 4. ಒಂದು ಕಿ.ಮೀ. ಉದ್ದದ ಉಬ್ಬಿಗೆ ಅವಳಿಗೆ 10 ನಿಮಿಷ, ನಿಮಗೆ 15. ಅಂದರೆ ಮಗಳು ಮೇಲೆ ನಿಂತು ಕಾಯುವುದು ಐದು ನಿಮಿಷ. ಅಷ್ಟರಲ್ಲಿ ಅವಳು ನೀರು ಕುಡಿದು ಎರಡು ಫೋಟೊ ತೆಗೆದಿರುತ್ತಾಳೆ. ದಿನಕ್ಕೆ ಅಂಥ ಆರು ಉಬ್ಬು ಸಿಕ್ಕರೂ ನಿಮ್ಮಿಂದ ಅವಳಿಗೆ ಹೋಗುವುದು ಅರ್ಧ ಗಂಟೆ. ಇದಕ್ಕಾಗಿ ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದೇ?

ಆ ಕಡೆಯ ರಸ್ತೆಯ ಸ್ವಭಾವ ತಿಳಿದರೆ ಭಯ ಇನ್ನಷ್ಟು ಇಳಿಯಬಹುದು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಹೆಚ್ಚುಕಡಿಮೆ ಅಷ್ಟೇ, ಕೂದಲೆಳೆ ಕಡಿಮೆಯೇ ಇರಬಹುದು. ಹಾಗಾದರೆ ಏರು ಎಲ್ಲಿಂದ ಬಂತು? ಹಳ್ಳಗಳಿಂದ. ಸಾಗರದ ಹತ್ತಿರ ಹುಟ್ಟುವ ವರದಾ ಪೂರ್ವಕ್ಕೆ ಹರಿದು ತುಂಗಭದ್ರೆಯನ್ನು ಸೇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರದ ಕಡೆಯಿಂದ ಬಂದು ಜೋಗದಲ್ಲಿ ಧುಮುಕಿ ಪಶ್ಚಿಮದ ಕಡಲಿಗೆ ಹೋಗುತ್ತದೆ. ತೀರ್ಥಹಳ್ಳಿಯಲ್ಲಿ ತುಂಗೆ ಮತ್ತೆ ಪೂರ್ವದವಳು. ನೀವು ಸಾಗರದಿಂದ ತೀರ್ಥಹಳ್ಳಿಗೆ ಹೋಗುವುದೆಂದರೆ ಮೂರು ನದಿಗಳ ಬಯಲನ್ನೂ ಅವುಗಳ ನಡುವಿನ ಎರಡು ದಿಣ್ಣೆಗಳನ್ನೂ ದಾಟುವುದು. ನೂರಾರು ಸಣ್ಣ ಹಳ್ಳಗಳ ಕಾಟ ಬೇರೆ. ರಸ್ತೆ ಅಡಿಕೆ ತೋಟದ ಅಂಚಿಗೆ ಜಾರುತ್ತದೆ, ಹಳ್ಳದ ಮೇಲೊಂದು ಮೋರಿ, ಮೋರಿ ದಾಟಿದ ಮರುಗಳಿಗೆಯೇ ಮುಂದಿನ ಗಾಲಿ ಮೂಗೆತ್ತುತ್ತದೆ. ಹತ್ತಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ತೋಟ, ಇನ್ನೊಂದು ಮೋರಿ. ನಂದಿಬೆಟ್ಟ ಒಂದೇ ಏರು, ಹತ್ತಿದರೆ ಮುಗಿಯಿತು. ಇಲ್ಲಿ ಮುಗಿಯುವುದೇ ಇಲ್ಲ. ಆದ್ದರಿಂದ ನಂದಿ ಹತ್ತಿದ ನಿಮ್ಮ ಮಗಳಿಗೂ ಈ ರಸ್ತೆ ಹೊಸದೇ. ಇದನ್ನು ಅವಳಿಗೆ ಹೇಳಿ.

ಆ ಮೋರಿಯ ಹತ್ತಿರವೇ ಗೇರಿನ ಗುಟ್ಟಿರುವುದು. ಉಬ್ಬು ಶುರುವಾಗಿ ಕಾಲು ಬಿಗಿದ ಮೇಲೆ ಗೇರು ಬದಲಿಸಲು ಹೋದರೆ ಚೈನು ಕಟಕಟ ಎಂದು ಹಲ್ಲು ಕಡಿದು ಕೆಳಗೆ ಬೀಳುತ್ತದೆ, ನೀವೂ ಒಂದು ಕಾಲೂರಿ ನಿಲ್ಲುತ್ತೀರಿ. ಇಳಿಜಾರಿನ ಕೊನೆಯಲ್ಲಿ, ಪೆಡಲ್ ಇನ್ನೂ ಹಗುರವಾಗಿ ತಿರುಗುತ್ತಿರುವಾಗಲೇ ಸಣ್ಣ ಗೇರಿಗೆ ಬಂದುಬಿಡಿ. ನಿಮ್ಮ ಕಾಲದ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ಹೋಗುತ್ತಿತ್ತು. ಬಯಲಿಗೆ ಅದು ಸರಿ. ಈಗಿನ ಸೈಕಲ್ಲಿನ ಮುಂದಿನ ಅತಿ ಸಣ್ಣ ಚಕ್ರದ ಹಲ್ಲುಗಳನ್ನೂ ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳನ್ನೂ ಎಣಿಸಿ ನೋಡಿ. ಮುಂದಿನದು ಹಿಂದಿನದಕ್ಕಿಂತ ಕಡಿಮೆಯೋ ಸಮವೋ ಇದ್ದರೆ ಮಲೆನಾಡಿಗೆ ತಕ್ಕ ಸೈಕಲ್. ಮುಂದೆ 42, ಹಿಂದೆ 28 ಎಂದಿದ್ದರೆ ಅಂಗಡಿಗೆ ಒಯ್ದು ಹಿಂದಿನ ಚಕ್ರ ಬದಲಿಸಿಕೊಳ್ಳಿ. ಈ ಒಂದು ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಬಣ್ಣದ ಜೆರ್ಸಿ, ಕಪ್ಪು ಕನ್ನಡಕ ಇಲ್ಲದಿದ್ದರೂ ನಡೆಯುತ್ತದೆ.

ಅಭ್ಯಾಸಕ್ಕೆ ದಾವಣಗೆರೆಯಲ್ಲಿ ಗುಡ್ಡ ಇಲ್ಲ ಅನ್ನಬೇಡಿ. ಬಾತಿ ಗುಡ್ಡ ಇದೆ, ಕೊಂಡಜ್ಜಿ ಇದೆ. ಅಲ್ಲಿಗೂ ಹೋಗಲಾಗದ ದಿನ ರೈಲ್ವೆ ಮೇಲ್ಸೇತುವೆಯನ್ನೇ ಹತ್ತಾರು ಸಲ ಹತ್ತಿ ಇಳಿಯಿರಿ. ನೋಡಿದವರು ನಗಲಿ, ಮಲೆನಾಡಿನ ರಸ್ತೆಗೆ ಅದಕ್ಕಿಂತ ಹತ್ತಿರದ ತಾಲೀಮು ಇನ್ನೊಂದಿಲ್ಲ. ಬಯಲಿನ ಎದುರುಗಾಳಿಯೂ ಒಳ್ಳೆಯ ಗುರು. ಒಂದು ಭಾನುವಾರ, ಒಯ್ಯಬೇಕೆಂದಿರುವ ಸಾಮಾನನ್ನೆಲ್ಲ ಕ್ಯಾರಿಯರ್‌ಗೆ ಕಟ್ಟಿಕೊಂಡು ಸೂಳೆಕೆರೆಯ ತನಕ ಹೋಗಿ. ಬರುವಾಗ ಆ ಗಂಟಿನಲ್ಲಿ ಯಾವುದು ಬೇಡ ಎಂಬುದು ನಿಮಗೇ ತಿಳಿದಿರುತ್ತದೆ.

ಬಿ.ಪಿ. ವಿಷಯಕ್ಕೆ ಬರುತ್ತೇನೆ. ಹೆಂಡತಿಯ ಮಾತನ್ನು ತಳ್ಳಿಹಾಕಬೇಡಿ. ಈಗಲೇ ವೈದ್ಯರ ಹತ್ತಿರ ಹೋಗಿ "ನಾಲ್ಕು ದಿನ ಏರುದಾರಿಯಲ್ಲಿ ಸೈಕಲ್ ತುಳಿಯುತ್ತೇನೆ" ಎಂದು ಸ್ಪಷ್ಟವಾಗಿ ಹೇಳಿ, ಅವರು ಟಿಎಂಟಿ ಬರೆದರೆ ಮಾಡಿಸಿ. ಕೆಲವು ಬಿ.ಪಿ. ಮಾತ್ರೆಗಳು ಎದೆಬಡಿತ ಏರದಂತೆ ಹಿಡಿದಿಡುತ್ತವೆ, ಅಂಥವರಿಗೆ ಕೈಗೆ ಕಟ್ಟಿದ ಸ್ಮಾರ್ಟ್ ವಾಚು ತೋರಿಸುವ ಲೆಕ್ಕ ಉಪಯೋಗಕ್ಕೆ ಬಾರದು. ಇನ್ನು ಕೆಲವು ಮೂತ್ರ ಹೆಚ್ಚು ಮಾಡಿ ಮೈಯ ನೀರು ಕಳೆಯುತ್ತವೆ. ನಿಮ್ಮದು ಯಾವುದು ಎಂದು ಕೇಳಿ ತಿಳಿಯಿರಿ. ರಸ್ತೆಯಲ್ಲಿ ಅಳತೆ ಇಷ್ಟೇ: ಹತ್ತುತ್ತಿರುವಾಗ ಒಂದು ಪೂರ್ತಿ ವಾಕ್ಯ ಹೇಳಲು ಬರಬೇಕು. ಎರಡು ಪದಕ್ಕೇ ಉಸಿರು ಸಿಕ್ಕಿಕೊಂಡರೆ ಇಳಿದು ನಡೆಯಿರಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ನಡೆಯುವುದೂ ಬೇಡ. ಕುಳಿತುಬಿಡಿ, ಮಗಳನ್ನು ಕರೆಯಿರಿ, ಆಸ್ಪತ್ರೆಗೆ ಹೋಗಿ. ಅಲ್ಲಿ ಮುಜುಗರ ಪಟ್ಟುಕೊಳ್ಳಬಾರದು.

ಯಾವಾಗ ಹೋಗುವುದು? ದಸರಾ ರಜೆ ಎಂದು ಮನಸ್ಸಿನಲ್ಲಿದ್ದರೆ ಬಿಡಿ, ಆಗ ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಸುರಿಯುವ ಆಗುಂಬೆ, ಅದಕ್ಕೆ ಪೈಪೋಟಿ ಕೊಡುವ ಹುಲಿಕಲ್ಲು ಎರಡೂ ನೀವು ಹೋಗುವ ಸೀಮೆಯವೇ. ನನ್ನ ಆಯ್ಕೆ ನವೆಂಬರ್ ಕೊನೆಯಿಂದ ಡಿಸೆಂಬರ್. ಅಡಿಕೆ ಕೊಯ್ಲಿನ ಕಾಲ, ಮನೆ ಮುಂದಿನ ಚಪ್ಪರದ ಮೇಲೆಲ್ಲ ಬೇಯಿಸಿದ ಅಡಿಕೆ ಹರಡಿರುತ್ತದೆ, ಹವೆಯೂ ಹಿತ. ಜನವರಿ ಕಳೆದ ಮೇಲೆ ಬೇಡ ಎನ್ನುವುದಕ್ಕೆ ಬಿಸಿಲಿಗಿಂತ ದೊಡ್ಡ ಕಾರಣವಿದೆ: ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಜೀವಗಳನ್ನೇ ತೆಗೆಯಿತು. ಹರಡುವುದು ಉಣ್ಣೆಯಿಂದ, ಬೇಸಿಗೆ ಬಂದಂತೆ ಜೋರು. ಡಿಸೆಂಬರಿನಲ್ಲೂ ಎಚ್ಚರ ಬೇಕು. ದಣಿವಾಯಿತೆಂದು ಕಾಡಿನಂಚಿನ ತರಗೆಲೆಯ ಮೇಲೆ ಮೈಚೆಲ್ಲಬೇಡಿ. ಬಸ್ ನಿಲ್ದಾಣದ ಕಟ್ಟೆಯೋ ಅಂಗಡಿಯ ಬೆಂಚೋ ಸಿಗುವ ತನಕ ತಡೆದುಕೊಳ್ಳಿ. ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯ ಬಗ್ಗೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸಂಜೆ ಸ್ನಾನ ಮಾಡುವಾಗ ಮಂಡಿಯ ಹಿಂಬದಿ, ಕಂಕುಳು ನೋಡಿಕೊಳ್ಳಿ. ಊರಿಗೆ ಬಂದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆವೆಂದು ವೈದ್ಯರಿಗೆ ತಪ್ಪದೆ ಹೇಳಿ.

ಈಗ ಪಟ್ಟಿ. ಜೋಗ ಸಾಗರದಿಂದ ಸುಮಾರು 30 ಕಿ.ಮೀ. ವಿರುದ್ಧ ದಿಕ್ಕು; ಹೊಡೆದುಹಾಕಿ. ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆಯಾಗಿದೆ, ಲಾಂಚಿಗೆ ಕಾಯುವ ಕಷ್ಟವಿಲ್ಲ, ಆದರೂ ಅದು ಇನ್ನೊಂದು ಪ್ರವಾಸದ ಮಾತು. ಕೊಡಚಾದ್ರಿಯ ಜೀಪು ದಾರಿಗೆ ಸೈಕಲ್ ಎಂದರೆ ನಾನು ಕೈಮುಗಿಯುತ್ತೇನೆ.

ಉಳಿದದ್ದನ್ನು ನಾಲ್ಕು ದಿನಕ್ಕೆ ಹಂಚಿ. ಹಿಂದಿನ ದಿನವೇ ಸಾಗರ ಮುಟ್ಟಿ, ಸಂಜೆ ಸಾಮಾನಿಲ್ಲದೆ ಇಕ್ಕೇರಿಗೆ ಹೋಗಿ ಅಘೋರೇಶ್ವರನನ್ನು ನೋಡಿ ಬನ್ನಿ, ಆರೇಳು ಕಿ.ಮೀ. ದಾರಿ. ಕಾಲಿಗೂ ಗೇರಿಗೂ ಪರಿಚಯವಾಗುತ್ತದೆ. ಮೊದಲ ದಿನ ಬಟ್ಟೆಮಲ್ಲಪ್ಪದ ಮೇಲೆ ಹೊಸನಗರ, 40 ಕಿ.ಮೀ. ಒಳಗೆ ಮುಗಿಯುತ್ತದೆ. ಎರಡನೆಯ ದಿನವೇ ಕಠಿಣ: ನಗರದ ಮೇಲೆ ತೀರ್ಥಹಳ್ಳಿ, 50 ಕಿ.ಮೀ. ದಾಟುತ್ತದೆ. ಕೆಳದಿಯ ನಾಯಕರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಒಯ್ದರಲ್ಲ, ಆ ಬಿದನೂರೇ ಈ ನಗರ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರವೆಂದು ಕರೆದದ್ದು, ಆಮೇಲೆ ಬರೀ ನಗರವಾಯಿತು. ಸುತ್ತಲ ಗುಡ್ಡ, ಕಾಡು, ಕಣಿವೆಗಳನ್ನು ನಂಬಿಯೇ ಅವರು ಅಲ್ಲಿ ಕೂತದ್ದು. ದಂಡುಗಳಿಗೇ ಕಷ್ಟ ಕೊಟ್ಟ ನೆಲ ನಿಮ್ಮ ತೊಡೆಗೂ ಸ್ವಲ್ಪ ಕೊಟ್ಟೇ ಕೊಡುತ್ತದೆ. ಕೋಟೆ ರಸ್ತೆಯ ಪಕ್ಕದಲ್ಲೇ ಇದೆ, ಅಲ್ಲಿ ಒಂದು ಗಂಟೆ ಕೂತು ಹೊರಡಿ. ಕವಲೇದುರ್ಗವನ್ನು ಆಸೆಯಾದರೂ ಬಿಡಿ. ಕೋಟೆ ಹತ್ತುವುದೇ ಒಂದು ಬೆಳಗಿನ ಕೆಲಸ.

ಆ ದಿನ ಮಧ್ಯಾಹ್ನ ಎರಡರೊಳಗೆ ಅರ್ಧಕ್ಕಿಂತ ಹೆಚ್ಚು ದಾರಿ ಕ್ರಮಿಸದಿದ್ದರೆ ಪಿಕಪ್ಪೋ ಲಗೇಜ್ ಆಟೊವೋ ಹಿಡಿದು ಸೈಕಲ್ ಹಾಕಿ ತೀರ್ಥಹಳ್ಳಿಗೆ ಹೋಗಿಬಿಡಿ. ಇದನ್ನು ಮನೆಯಲ್ಲೇ ಇಬ್ಬರೂ ಕೂತು ತೀರ್ಮಾನಿಸಿ, ಪಟ್ಟಿಯಲ್ಲೇ ಬರೆದುಕೊಳ್ಳಿ. ಹೊಸನಗರದಲ್ಲೊಬ್ಬ ಗಾಡಿಯವನ ನಂಬರ್ ಮೊದಲೇ ಇಟ್ಟುಕೊಳ್ಳಿ. ಬರೆದಿಟ್ಟದ್ದಾದರೆ ಆ ಹೊತ್ತಿನಲ್ಲಿ ಯಾರೂ ಸೋತ ಹಾಗಾಗುವುದಿಲ್ಲ, ಯಾರೂ ಯಾರನ್ನೂ ಒಪ್ಪಿಸಬೇಕಾಗುವುದೂ ಇಲ್ಲ. ಡಿಸೆಂಬರಿನಲ್ಲಿ ಸಂಜೆ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ, ಕಾಡಿನೊಳಗೆ ಇನ್ನೂ ಮುಂಚೆ. ಕತ್ತಲಾದ ಮೇಲೆ ರಸ್ತೆ ಕಾಡುಕೋಣಗಳದ್ದು. ಬೆಳಿಗ್ಗೆಯೂ ಮಂಜು ಕರಗಿ ಎದುರಿನ ತಿರುವು ಕಾಣುವ ತನಕ ಹೊರಡಬೇಡಿ. ಹೊರಟರೆ ಹಿಂದಿನ ಕೆಂಪು ದೀಪ ಹಗಲಿನಲ್ಲೂ ಮಿನುಗುತ್ತಿರಲಿ. ಹೊಸನಗರ ಸೀಮೆಯಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಊರಿನ ಹೆಸರುಗಳನ್ನು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ.

ಮೂರನೆಯ ದಿನ ಸಾಮಾನು ತೀರ್ಥಹಳ್ಳಿಯ ಲಾಡ್ಜಿನಲ್ಲೇ ಇರಲಿ, ಕುಪ್ಪಳಿಗೆ ಹೋಗಿ ಬನ್ನಿ. ಕವಿಮನೆ, ಕವಿಶೈಲ ನೋಡಿಕೊಂಡು ಮಧ್ಯಾಹ್ನದ ಮೇಲೆ ವಾಪಸು. ನಾಲ್ಕನೆಯ ದಿನ ಆಗುಂಬೆ. ಅಲ್ಲಿಯ ತನಕ ಸರಿ. ಘಾಟಿ ಇಳಿಯುವುದು ಮಾತ್ರ ನಿಮಗೆ ಬೇಡ. ಇಕ್ಕಟ್ಟಾದ 14 ತಿರುವುಗಳು, ಎದುರಿಗೆ ಬಸ್ಸು, ಹಿಂದೆ ಕಾರು. ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾಯುತ್ತದೆ, ಬೆರಳು ಸೆಟೆಯುತ್ತದೆ. ಮಗಳಿಗೆ ಅಷ್ಟು ಆಸೆಯಿದ್ದರೆ ಬೆಳಗಿನ ಹೊತ್ತು, ವಾಹನ ಕಡಿಮೆ ಇರುವಾಗ ಅವಳೊಬ್ಬಳೇ ಇಳಿಯಲಿ. ನೀವು ಬಸ್ಸಿನಲ್ಲಿ ಸೋಮೇಶ್ವರಕ್ಕೆ ಬಂದು ಕಾಯಿರಿ. ಒಂದು ಸಲವಾದರೂ ಕಾಯುವ ಸರದಿ ನಿಮ್ಮದಾಗಲಿ.

ದಾರಿಯಲ್ಲಿ ನಡೆಯುವ ಕ್ರಮ ಒಂದಿದೆ. ಸಮತಟ್ಟಿನಲ್ಲಿ ನಿಧಾನದವರು ಮುಂದೆ, ಅಂದರೆ ನೀವು, ವೇಗ ನಿಮ್ಮದು. ಉಬ್ಬಿನಲ್ಲಿ ಅವರವರ ಉಸಿರು ಅವರವರಿಗೆ, ಮೇಲೆ ಕೂಡಿಕೊಳ್ಳುವುದು. ಅವಳು ಕಾಯುತ್ತಿದ್ದವಳು ನೀವು ಬಂದ ಕೂಡಲೇ ಹೊರಟುಬಿಟ್ಟರೆ ನಿಮಗೆ ವಿಶ್ರಾಂತಿಯೇ ಸಿಗುವುದಿಲ್ಲ. ಹಿಂದೆ ಬಂದವರ ಉಸಿರು ಹದಕ್ಕೆ ಬರುವ ತನಕ ಇಬ್ಬರೂ ನಿಲ್ಲಬೇಕು. ಚುರುಕಾದ ಮಕ್ಕಳಿಗೆ ಇದು ಹೊಳೆಯುವುದಿಲ್ಲ, ಹೇಳಿಕೊಡಬೇಕು. ಗಂಟೆಗೊಮ್ಮೆ ಒಂದು ಏಲಕ್ಕಿ ಬಾಳೆಹಣ್ಣು, ಎರಡು ಗುಟುಕು ನಿಂಬೆ ಪಾನಕ. ಹೊಟ್ಟೆ ತುಂಬ ಬೆಣ್ಣೆದೋಸೆ ಊರಿಗೆ ಬಂದ ಮೇಲಿರಲಿ.

ಇಷ್ಟಕ್ಕೂ ನಿಮ್ಮ ಕಾಗದ ಓದಿದಾಗ ನನಗೆ ಅನ್ನಿಸಿದ್ದು: ನಂದಿಬೆಟ್ಟಕ್ಕೆ ಜೊತೆ ಬರುವ ಗೆಳತಿಯರು ಇದ್ದೂ ಅವಳು ನಿಮ್ಮನ್ನು ಕರೆದಿದ್ದಾಳೆ. ನೀವು ಅವಳಷ್ಟು ಜೋರಾಗಿ ತುಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. "ನಾನು ಉಬ್ಬಿನಲ್ಲಿ ಇಳಿದು ನಡೆಯುವವನೇ, ನಾಲ್ಕು ದಿನವಾದರೆ ಬರುತ್ತೇನೆ" ಎಂದು ಇವತ್ತೇ ಫೋನ್ ಮಾಡಿ ಹೇಳಿ. ಈ ಪುಟವನ್ನೂ ಕಳಿಸಿ. ಇನ್ನೆರಡು ದಿನದ ರಜೆ ಅವಳು ಈಗಲೇ ಬರೆದು ಕೊಡಬೇಕು. ಹೊರಡುವ ಮೊದಲು ಎರಡೂ ಸೈಕಲ್ಲಿಗೆ ಹೊಸ ಬ್ರೇಕ್ ಶೂ ಹಾಕಿಸಬೇಕು.